ಪರದೆಯ ಹಿಂದೆ ಕೂತವನು

ನಂಬಿ ಎಂದು ಗೋಗರೆಯುವುದಿಲ್ಲ. ಪಾತ್ರೆ ಸದ್ದಾದರೂ ಎದ್ದು ಕೂರುವ ಐವತ್ತರ ಮನುಷ್ಯ ನಾನು. ನನ್ನ ಮಾತನ್ನು ನಾನೇ ಅರ್ಧ ಕಳೆದು ಕೇಳುತ್ತೇನೆ. ಆದರೆ ಹೋದ ಚಳಿಗಾಲ ಭಂಕೂರಿನಲ್ಲಿ ನಡೆದದ್ದರಲ್ಲಿ ಕಳೆಯಲು ಏನೂ ಸಿಗುತ್ತಿಲ್ಲ.

ಅಲ್ಲಿನ ಕಲ್ಲು ಪಾಲಿಶ್ ಮಾಡುವ ಅಂಗಳದಲ್ಲಿ ಗೆಳೆಯರು ಬಿಳಿ ಪರದೆ ಕಟ್ಟಿ ಹಳೆಯ ಹಾಲಿವುಡ್ ಹಾಸ್ಯಚಿತ್ರವೊಂದನ್ನು ಹಾಕಿದ್ದರು. ಜನ ಮುಗಿಬಿದ್ದು ಓದಿದ ಕಾದಂಬರಿಯಿಂದ ಮಾಡಿದ್ದು. ಸತ್ತವರು ಒಬ್ಬ ಅಂಜುಬುರುಕನ ಬೆನ್ನು ಹತ್ತುವ ಕಥೆ. ಆ ಕಾದಂಬರಿಯನ್ನು ನನಗೆ ಕೊಟ್ಟವನು ಬಾಲ್ಯದ ದೋಸ್ತ ಚಂದ್ರಪ್ಪ. ಅಂಜುಬುರುಕ ಥೇಟ್ ನಿನ್ನಂತೆಯೇ ಎಂದಿದ್ದ. ಸಿನಿಮಾಕ್ಕೂ ಬರುತ್ತೇನೆ ಎಂದಿದ್ದ.

ಟೆಂಟ್ ಸಿನಿಮಾದ ಕಾಲದಿಂದ ನಮ್ಮಿಬ್ಬರಿಗೆ ಪರದೆಯ ಹಿಂದೆ ಕೂತು ನೋಡುವ ಚಾಳಿ. ಎಡ ಬಲವಾಗುತ್ತದೆ, ಆದರೆ ಗದ್ದಲವಿಲ್ಲ. ಅಂದೂ ಹಿಂದೆ ಹೋದೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಮೇಲೆ ಅವನು ಆಗಲೇ ಕೂತಿದ್ದ. ಮುಖ ಕಾಣಲಿಲ್ಲ... ಲವಂಗದ ವಾಸನೆ ಬಂತು. ಚಂದ್ರಪ್ಪನ ಬಾಯಲ್ಲಿ ಸದಾ ಲವಂಗ.

ಥಂಡಿ. ಒದ್ದೆ ಕಲ್ಲುಪುಡಿಯ ವಾಸನೆ. ಮುಂದೆ ಕೂತವರು ನಗುವುದಕ್ಕೆ ಒಂದು ಗಳಿಗೆ ಮೊದಲೇ ಅವನು ಮೆಲ್ಲಗೆ ನಗುತ್ತಿದ್ದ. ಕಾದಂಬರಿ ಓದಿದವನಲ್ಲವೇ ಎಂದುಕೊಂಡೆ.

ಎಲ್ಲರೂ ಜೋರಾಗಿ ನಗುತ್ತಿದ್ದಾಗ ನನಗೂ ಧೈರ್ಯ ಬಂತು.

"ಚಂದ್ರ್ಯಾ, ಹೊಟ್ಟ್ಯಾಗ ಗಡ್ಡಿ ಅದಂತ. ಕೊಯ್ಯಬೇಕಂತಾರ. ಮಗಳ ಲಗ್ನ ಆಗೂತನಕ ಮನ್ಯಾಗ ಗೊತ್ತಾಗಬಾರದು."

ಲವಂಗ ಕಡಿದ ಸದ್ದಾಯಿತು.

"ನಾ ಯಾರಿಗಿ ಹೇಳಲಿ, ತಗೊ."

ಹೆಗಲ ಮೇಲೆ ಕೈ ಬಿತ್ತು. ಫರ್ಸಿಯಷ್ಟೇ ತಣ್ಣಗಿತ್ತು.

ಸಿನಿಮಾ ಮುಗಿದು ದೀಪ ಹತ್ತಿದಾಗ ಅವನಿರಲಿಲ್ಲ.

ಮನೆಗೆ ಬಂದರೆ ಹೆಂಡತಿ ಹೊಸ್ತಿಲಲ್ಲೇ ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ನಾನು ಮರೆತು ಹೋಗಿದ್ದ ಮೊಬೈಲು ಅವಳ ಕೈಯಲ್ಲಿ.

"ಹೊಟ್ಟ್ಯಾಗ ಗಡ್ಡಿ ಇಟ್ಕೊಂಡು ನಗಾಕ ಹೋಗಿದ್ರೇನ್ರಿ? ಚಂದ್ರಪ್ಪಣ್ಣ ಎಲ್ಲಾ ಹೇಳ್ಯಾನ."

ಅವನು ಸೇಡಂ ಸ್ಟೇಷನ್ನಿನಿಂದ ಅವಳ ನಂಬರಿಗೇ ಫೋನ್ ಮಾಡಿದ್ದನಂತೆ. ರೈಲಿನ ಸದ್ದಿನಲ್ಲಿ ಅರ್ಧ ಮಾತು ಅವಳಿಗೆ ಕೇಳಿಸಲೇ ಇಲ್ಲವಂತೆ. ಸೇಡಂ? ರೈಲಿನಲ್ಲೇ ತಾಸಿನ ದಾರಿ. ಅದನ್ನು ಯೋಚಿಸುವ ಮೊದಲೇ ನನಗೆ ಮೈಯೆಲ್ಲ ಉರಿಯಿತು. ನಲವತ್ತು ವರ್ಷದ ದೋಸ್ತಿ ಒಂದು ಸಿನಿಮಾ ಮುಗಿಯುವ ತನಕವೂ ಬಾಯಿ ಕಟ್ಟಲಿಲ್ಲವಲ್ಲ! ಮೊಬೈಲು ಕಸಿದು ಅವನಿಗೆ ಹಚ್ಚಿದೆ. ಮಾತು ಕೊಟ್ಟು ಹೀಗೆ ಮಾಡಿದೆಯಲ್ಲ ಎಂದೆ.

"ನಾ ಎಲ್ಲಿ ಮಾತು ಕೊಟ್ಟೀನೋ? ಗಾಡಿ ಲೇಟಾಗಿ ಸಂಜಿಲಿಂದ ಇಲ್ಲೇ ಕುಂತೀನಿ. ನೀನೇ ಫೋನ್ ಮಾಡ್ದಿ, ನಿನ್ನ ನಂಬರೇ ಬಂದಿತ್ತು. ಹಿಂದ ಮಂದಿ ನಗಾಕತ್ತಿದ್ರು. ನನಗ ಧೈರ್ಯ ಇಲ್ಲ, ಮನ್ಯಾಗ ವೈನಿಗಿ ನೀನೇ ಹೇಳು ಅಂದಿ. ಈಗ ನನ್ನ ಮ್ಯಾಲ ಹಾಕ್ತೀ?"

ಹೆಂಡತಿಯ ಮುಖ ನೋಡಿದೆ. ಮೊಬೈಲು ಸಂಜೆಯಿಂದ ಅವಳ ಹತ್ತಿರವೇ ಇತ್ತು...

ಗಡ್ಡೆ ತೆಗೆಸಿದ್ದಾಯಿತು. ಮಗಳು ಹಟ ಹಿಡಿದು ಲಗ್ನ ಮುಂದಕ್ಕೆ ಹಾಕಿದಳು. ಚಂದ್ರಪ್ಪನೂ ನಾನೂ ಮಾತು ಬಿಟ್ಟಿದ್ದೇವೆ. ಅವನು ಬಂದಿದ್ದ, ಸುಳ್ಳು ಹೇಳುತ್ತಿದ್ದಾನೆ ಎಂದೇ ನಾನು ಹಟ ಹಿಡಿದಿದ್ದೇನೆ. ಮೋಸ ಮಾಡಿದವನು ದೋಸ್ತನೇ ಆಗಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಮೊನ್ನೆ ಎಲ್ಲರೂ ಟೀವಿ ಮುಂದೆ ಕೂತಿದ್ದೆವು. ಮಗಳು ತಿರುಗಿ ನನ್ನನ್ನು ನೋಡಿದಳು.

"ಅಪ್ಪಾ, ನಗೂ ಮಾತು ಇನ್ನಾ ಬಂದೇ ಇಲ್ಲ. ಆಗಲೇ ಯಾಕ ನಗಾಕತ್ತಿ?"

ನಾನು ನಕ್ಕಿರಲೇ ಇಲ್ಲ.