ಯೊನ್‌ಸಿಮ್ ಮತ್ತೆ ಬೆಲ್ಟು ಕೂರಿಸಿದ ದಿನ

ಗಾಂಗ್‌ವೊನ್ ಬೆಟ್ಟದ ಎಲೆಕೋಸಿನ ಹೊಲಗಳಿಗೆ ಹತ್ತುವ ರಸ್ತೆಯಲ್ಲಿ ಯೊನ್‌ಸಿಮ್ ಮತ್ತು ಅವಳ ಗಂಡ ಗಿಬೊಂಗ್ ಇಪ್ಪತ್ತೆರಡು ವರ್ಷಗಳಿಂದ ಗ್ಯಾರೇಜು ನಡೆಸುತ್ತಿದ್ದರು. ಅವಳ ಬಲಗೈಯಲ್ಲಿ ಮೂರೇ ಬೆರಳು. ಎರಡು ವರ್ಷದ ಹಿಂದೆ ಅವಳು ಒಂದು ಟ್ರಕ್ಕಿನ ಎಂಜಿನ್ನಿಗೆ ಬೆಲ್ಟು ಕೂರಿಸುತ್ತಿದ್ದಾಗ, ಅವಳು "ಹಾಕು" ಅಂದಳೆಂದು ತಪ್ಪಾಗಿ ಕೇಳಿಸಿಕೊಂಡ ಗಿಬೊಂಗ್ ಕೀ ತಿರುಗಿಸಿಬಿಟ್ಟಿದ್ದ. ಅಂದಿನಿಂದ ಬೆಲ್ಟಿನ ಕೆಲಸವೆಲ್ಲ ಅವನದು. ಅವಳು ಟಯರು, ಆಯಿಲ್ಲು ನೋಡಿಕೊಂಡು ಇದ್ದುಬಿಟ್ಟಳು. ಆ ದಿನದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಗಿಬೊಂಗ್ ಪೇಟೆಗೆ ಇಳಿದಿದ್ದ. ಮೇಲಿನ ಹೊಲದ ಸಾಂಗಿಲ್‌ನ ಹಳೆಯ ಟ್ರಕ್ಕು ಎಲೆಕೋಸು ಹೇರಿಕೊಂಡು ಕಿರ್ರೆಂದು ಕಿರುಚುತ್ತಾ ಬಂದು ನಿಂತಿತು.

"ಅಕ್ಕಾ, ನನ್ನ ಹೆಂಡ್ತಿಗಿಂತ ಜೋರಾಗಿ ಕಿರುಚ್ತಿದೆ. ಬೆಲ್ಟಿಗೆ ಒಂಚೂರು ಸೋಪು ಸವರಿಬಿಡು, ಹೊರಟೆ."

ಆ ಗಾಡಿಯ ಎಂಜಿನ್ನು ಸೀಟಿನ ಕೆಳಗೇ ಇತ್ತು. ಯೊನ್‌ಸಿಮ್ ಸೀಟು ಎತ್ತಿ ಟಾರ್ಚು ಬಿಟ್ಟಳು. ಎರಡೂ ಬೆಲ್ಟು ಬಿರುಕು ಬಿಟ್ಟಿದ್ದವು. ಡೈನಮೋ ತಿರುಗಿಸುವ ಬೆಲ್ಟಿನಿಂದ ನೂಲು ಜೋತಾಡುತ್ತಿತ್ತು. ಬ್ರೇಕಿಗೆ ಬಲ ಕೊಡುವ ಪಂಪು ಆ ಡೈನಮೋಗೇ ಅಂಟಿಕೊಂಡಿತ್ತು; ಬೆಲ್ಟು ಹರಿದರೆ ಬ್ರೇಕಿನ ಪೆಡಲು ಒತ್ತಲಾಗದಂತೆ ಕಲ್ಲಾಗುತ್ತದೆ. ಕೆಳಗೆ ಹದಿನಾಲ್ಕು ಕಡಿದಾದ ತಿರುವುಗಳು.

"ಅವರು ಬರೋವರೆಗೂ ಇರು," ಎಂದಳು.

"ಅಣ್ಣ ಬರೋದು ಮಧ್ಯಾಹ್ನಕ್ಕೆ. ಅಷ್ಟೊತ್ತಿಗೆ ಕೋಸಿನ ಹರಾಜು ಮುಗಿದಿರತ್ತೆ. ಏನೂ ಆಗಲ್ಲ ಬಿಡಕ್ಕ, ನಿಧಾನಕ್ಕೆ ಇಳೀತೀನಿ."

ಅವನು ಸೀಟು ಇಳಿಸಲು ಕೈ ಹಾಕಿದ. ಇವನನ್ನು ಹೀಗೇ ಕಳಿಸುವುದು ಹೇಗೆ?

"ಕೀ ಇಲ್ಲಿ ಕೊಡು. ಕೈ ಎರಡೂ ನನಗೆ ಕಾಣೋ ಹಾಗೆ ಮುಂದೆ ನಿಂತ್ಕೋ."

"ಅಯ್ಯೋ, ಕಳ್ಳನ್ನ ಹಿಡಿದಂಗೆ ಆಯ್ತಲ್ಲ!" ಎಂದು ನಕ್ಕವನು ಅವಳ ಮುಖ ನೋಡಿ ಕೀ ಕೊಟ್ಟು ಮುಂದೆ ಬಂದು ನಿಂತ.

ಕೀಯನ್ನು ಜೇಬಿಗೆ ಹಾಕಿ ಗುಂಡಿ ಹಾಕಿದಳು. ಬ್ಯಾಟರಿಯ ವಯರೂ ಬಿಚ್ಚಿದಳು. ಎಂಜಿನ್ನು ಅಲುಗಾಡುವ ದಾರಿಯೇ ಇರಲಿಲ್ಲ. ಆದರೂ ಕೈ ಒಳಗೆ ಹೋಗಲೊಲ್ಲದು. ಇಲ್ಲದ ಬೆರಳುಗಳು ಉರಿಯತೊಡಗಿದವು. ಕೊನೆಗೆ ಸ್ಪ್ಯಾನರು ಹಿಡಿದು ಕೈ ತೂರಿಸಿದಳು.

ಬೋಲ್ಟು ಸಡಿಲಿಸಿದಳು, ಡೈನಮೋ ಒಳಕ್ಕೆ ತಳ್ಳಿ ಹಳೆಯ ಬೆಲ್ಟು ಎಳೆದಳು. ಮಣಿಕಟ್ಟಿನವರೆಗೆ ಕೈ ಒಳಗಿದ್ದಾಗಲೇ ಹಿಂದಿನಿಂದ ಢರ್ರೆಂದು ಸದ್ದು ಬಂತು.

ಅವಳು ಚೀರಿ ಕೈ ಕಿತ್ತುಕೊಂಡಳು. ಮುಂಗೈ ತರಚಿ ರಕ್ತ ಬಂತು. ಟಯರಿಗೆ ಗಾಳಿ ತುಂಬುವ ಕಂಪ್ರೆಸರ್ ತಾನಾಗಿ ಶುರುವಾಗಿತ್ತು, ಅಷ್ಟೇ. ಅವಳು ನೆಲದ ಮೇಲೆ ಕುಳಿತುಬಿಟ್ಟಳು.

"ಬೇಡಕ್ಕ," ಎಂದ ಸಾಂಗಿಲ್. "ಎಲೆಕೋಸು ಹಾಳಾಗಿ ಹೋಗಲಿ. ಅಣ್ಣನ್ನ ಕಾಯೋಣ."

ಅವಳು ಎದ್ದು ಕಂಪ್ರೆಸರಿನ ಸ್ವಿಚ್ಚು ಆರಿಸಿದಳು. ಗೋಡೆಯ ಮೊಳೆಯಿಂದ ಹೊಸ ಬೆಲ್ಟುಗಳನ್ನು ತೆಗೆದಳು. "ಮಾತಾಡ್ತಿರು. ಏನಾದ್ರೂ ಹೇಳ್ತಿರು, ನಿಲ್ಲಿಸ್ಬೇಡ."

ಅವನು ಹೆಂಡತಿಯ ತಂಗಿಯ ಮದುವೆಯ ಜಗಳವನ್ನೆಲ್ಲ ಹೇಳಿದ. ಅವನ ಮಾತು ಎದುರಿನಿಂದ ಬರುತ್ತಿದ್ದಷ್ಟು ಹೊತ್ತೂ ಅವನ ಕೈ ಎಲ್ಲಿದೆಯೆಂದು ಅವಳಿಗೆ ಗೊತ್ತಿರುತ್ತಿತ್ತು. ಮೂರು ಬೆರಳಲ್ಲೇ ಹಳೆಯವನ್ನು ಪೂರ್ತಿ ತೆಗೆದು, ಹೊಸ ಬೆಲ್ಟುಗಳನ್ನು ರಾಟೆಗಳ ಮೇಲೆ ಕೂರಿಸಿ, ರಾಡಿನಿಂದ ಮೀಟಿ ಬಿಗಿದು, ಹೆಬ್ಬೆರಳಿಂದ ಒತ್ತಿ ನೋಡಿದಳು.

ಬ್ಯಾಟರಿ ಜೋಡಿಸಿ ಕೀ ಹಾಕುವಾಗ ಅವನು ನೋಡಲೆಂದು ಬಗ್ಗಿದ.

"ಆಚೆ ಸರಿಯೋ!" ಅವಳ ಕೂಗಿಗೆ ಅವನು ರಸ್ತೆಯವರೆಗೆ ಹಿಂದೆ ಸರಿದ. ಎಂಜಿನ್ನು ಹಿಡಿಯಿತು. ಕಿರುಚಾಟ ನಿಂತಿತ್ತು. ಅವಳು ಸೀಟು ಇಳಿಸಿ ಅವನನ್ನು ಹರಾಜಿಗೆ ಕಳಿಸಿದಳು.

ಮಧ್ಯಾಹ್ನ ಬಂದ ಗಿಬೊಂಗ್ ನೆಲದ ಮೇಲಿದ್ದ ಹಳೆಯ ಬೆಲ್ಟುಗಳನ್ನು ನೋಡಿದ. ಅವಳ ಮುಂಗೈ ನೋಡಿ ಬಿಳಿಚಿಕೊಂಡ.

"ಯಾರು ಸ್ಟಾರ್ಟ್ ಮಾಡಿದ್ದು?"

"ನಾನೇ."

ಅವನು ತಂದಿದ್ದ ಚೀಲ ಕೆಳಗಿಟ್ಟು, ಟಯರಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡ. "ಆವತ್ತಿನ ನಿನ್ನ ಆ ಕೂಗು ನನಗೆ ದಿನಾ ಕೇಳ್ಸುತ್ತೆ ಕಣೇ," ಎಂದ. ಎರಡು ವರ್ಷದಲ್ಲಿ ಮೊದಲ ಸಲ.

"ನನಗೂ ಕೇಳ್ಸುತ್ತೆ," ಎಂದಳು ಯೊನ್‌ಸಿಮ್.

ಆಮೇಲೆ ಅವಳು ಎಷ್ಟೋ ಬೆಲ್ಟು ಬದಲಿಸಿದಳು. ಭಯ ಹೋಗಲಿಲ್ಲ. ಅವಳು ಸೀಟು ಎತ್ತಿದ ಕೂಡಲೇ ಗಿಬೊಂಗ್ ಎದ್ದು ಹೋಗಿ, ರಸ್ತೆಯಾಚೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಅವಳು ಹೆಸರು ಹಿಡಿದು ಕರೆಯುವವರೆಗೂ ಒಳಗೆ ಬರುವುದಿಲ್ಲ.