ಅಸಲಿ ಪರಂಗಿ

ಲಂಡನ್ನಿನ ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ಹೋಳು ಮಾಡಿಟ್ಟ ಪರಂಗಿ ಹಣ್ಣಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ಹಣ್ಣಿನ ಮೇಲಲ್ಲ, ಬೆನ್ವಾ ಎಂಬ ಫ್ರೆಂಚ್ ಹುಡುಗನ ಮೇಲೆ. ನಗಬೇಡಿ, ನನ್ನ ಕಡೆಯ ವಾದವನ್ನೂ ಕೇಳಿ.

ನಮ್ಮಮ್ಮನಿಗೆ ಬಿಳಿಯರೆಲ್ಲ ಪರಂಗಿಯವರು. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ, ಪೋಸ್ಟ್‌ನವನು, ನಮ್ಮ ಜಿ.ಪಿ. ಡಾಕ್ಟರು, ಯಾರಿಗೂ ವಿನಾಯಿತಿ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಸ್‌ಬ್ರಿಡ್ಜ್‌ನ ಯೂನಿವರ್ಸಿಟಿಯಲ್ಲಿ ಓದುತ್ತ ಚರ್ಚಾಕೂಟ ಸೇರಿದ ನಾನು, ಅಲ್ಲಿ ಕಲಿತ ವಿದ್ಯೆಯನ್ನು ಮೊದಲು ಪ್ರಯೋಗಿಸಿದ್ದು ಅಡುಗೆಮನೆಯಲ್ಲಿ. ಪರಂಗಿ ಮೂಲದಲ್ಲಿ ಫ್ರಾಂಕರೆಂಬ ಜನರ ಹೆಸರು, ಅವರಿಂದಲೇ ಫ್ರಾನ್ಸ್. ಅರಬರ, ಪರ್ಷಿಯನ್ನರ ಬಾಯಿ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಪರಂಗಿಯಾಗಿ, ಕಡಲಾಚೆಯ ಹಣ್ಣಿಗೂ ಅಂಟಿಕೊಂಡಿತು. ನ್ಯಾಯವಾಗಿ ಫ್ರೆಂಚರಿಗೆ ಮಾತ್ರ ಸಲ್ಲತಕ್ಕದ್ದು ಎಂದು ಮಂಡಿಸಿದೆ. ಅಮ್ಮ ಬೇಳೆ ತೊಳೆಯುತ್ತಲೇ, "ಆಯ್ತು ಸ್ವಾಮಿ, ತಾವು ಹೇಳಿದ್ಮೇಲೆ ಇನ್ನೇನಿದೆ," ಅಂದಳು.

ಆ 'ಸ್ವಾಮಿ' ಚುಚ್ಚುತ್ತಿತ್ತು. ಅಮ್ಮ ಹತ್ತಿರದವರ ಹೆಸರು ಹೇಳುವವಳಲ್ಲ. ಅಪ್ಪ 'ಇವರು', ತಲೆ ನರೆತ ತನ್ನ ತಮ್ಮ 'ಮರಿ'. ಹೆಸರು ಹಿಡಿದು ಕರೆದಳೆಂದರೆ ಹೊರಗಿನವರು ಎಂದೇ ಅರ್ಥ. ನಾನು ಒಂದು ಕಾಲಕ್ಕೆ 'ಬಂಗಾರ' ಆಗಿದ್ದೆ. ವಾದ ಕಲಿತ ಮೇಲೆ ಪಾಸ್‌ಪೋರ್ಟಿನಲ್ಲಿರುವ ಹೆಸರು, ಇಲ್ಲವೇ ಸ್ವಾಮಿ.

ಒಂದು ಭಾನುವಾರ, ಚರ್ಚಾಕೂಟದ ಜೊತೆಗಾರ ಬೆನ್ವಾನನ್ನು ಊಟಕ್ಕೆ ಕರೆತಂದೆ. ಅಮ್ಮನ ಮುಂದೆ ನಿಲ್ಲಿಸಿ, ಅಸಲಿ ಪರಂಗಿ ಅಂದರೆ ಇವನೇ ನೋಡು ಅಂದೆ. ಅವನು ಅರ್ಥ ಕೇಳಿದ. ಹೇಳಿದೆ. ಇಂಗ್ಲಿಷರು ನಮ್ಮನ್ನು ಕಪ್ಪೆ ಅಂತಾರೆ, ಅದಕ್ಕಿಂತ ಇದು ಎಷ್ಟೋ ವಾಸಿ ಎಂದು ಅವನು ಹುಳಿಯನ್ನ ಕಲಸುತ್ತ ಕೂತ. ಮೊಣಕೈವರೆಗೂ ಹುಳಿ. ನಾನು ಹಾಗೆ ತಿಂದಿದ್ದರೆ ಏಳಿಸಿ ಕಳಿಸುತ್ತಿದ್ದಳು. ಅವತ್ತು ಅಮ್ಮ ಅಂದದ್ದು, "ನಮ್ಮ ಪರಂಗಿಗೆ ಇನ್ನೊಂಚೂರು ತುಪ್ಪ ಹಾಕೋ."

'ನಮ್ಮ.' ಗಮನಿಸಿದಿರಾ?

ಅಂದಿನಿಂದ ಪಕ್ಕದ ಮನೆಯ ಅಜ್ಜಿ ಇಂಗ್ಲಿಷಿನವರಾದರು, ಪೋಸ್ಟ್‌ನವನು ಬರೀ ಪೋಸ್ಟ್‌ನವನಾದ. ಪದ ಪೂರ್ತಿ ಬೆನ್ವಾನದ್ದಾಯಿತು. ವಾದ ಗೆದ್ದವನು ನಾನು, ಬಹುಮಾನ ಅವನ ತಟ್ಟೆಗೆ. ಓದು ಮುಗಿಸಿ ಅವನು ಊರಿಗೆ ಹೋಗಿ ವರ್ಷಗಳಾದರೂ, ಹಣ್ಣು ಹೆಚ್ಚಿದಾಗಲೆಲ್ಲ "ನಮ್ಮ ಪರಂಗಿ ಇದ್ದಿದ್ರೆ" ಎಂಬ ನಿಟ್ಟುಸಿರು. ಪಕ್ಕದಲ್ಲೇ ಕೂತವನಿಗೆ ಒಂದು ಹೋಳು, ಅಷ್ಟೇ.

ಮೊನ್ನೆ ಶನಿವಾರ ಅದೇ ಅಂಗಡಿ. ಹಣ್ಣನ್ನು ಹೀಗೆ ಬಿಸಿಲಿಗಿಟ್ಟರೆ ಕೆಡದೆ ಇರುತ್ತದೆಯೇ ಎಂದು ಅಂಗಡಿಯವನ ಜೊತೆ ಇಂಗ್ಲಿಷಿನಲ್ಲಿ ವಾದಕ್ಕಿಳಿದಿದ್ದೆ. ಪಾಪ, ಅವನು ಗೋಡೆಗೆ ಒರಗಿದ್ದ. ಅಮ್ಮ ನನ್ನ ತೋಳು ಜಗ್ಗಿದಳು.

"ಸಾಕು ಬಾರೋ ಪರಂಗಿ, ಚೀಲ ಹಿಡ್ಕೋ."

ನಾನು ಫ್ರೆಂಚನಲ್ಲ. ಬಿಳಿಯನೂ ಅಲ್ಲ. ಆ ಪದ ಯಾರದ್ದು ಎಂಬ ತೀರ್ಪು ನಮ್ಮ ಅಡುಗೆಮನೆಯಲ್ಲೇ ಆಗಿತ್ತು, ಕೊಡಿಸಿದವನೂ ನಾನೇ. ಖಂಡಿಸಲು ಬೇಕಾದ ವಾದವೆಲ್ಲ ನಾಲಿಗೆಯ ತುದಿಯಲ್ಲಿತ್ತು.

ಚೀಲ ಹಿಡಿದುಕೊಂಡೆ.