ಅಂಟಿನ ಕೆಳಗೆ ಹೋದ ನೋಟಿಸು

ನನ್ನ ಅಕ್ಕನ ಮೇಲೆ ಕೂಡ್ಲಿಗಿ ಕೋರ್ಟಿನಲ್ಲಿ ದಾವೆ ಬಿದ್ದಿದೆ ಎಂಬುದು ಅವಳಿಗಿಂತ ಮೊದಲು ನನಗೆ ಗೊತ್ತಾಗಿತ್ತು. ನಾನು ಅವಳಿಗೆ ಹೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಹೇಳಲಿಲ್ಲ.

1998ರಲ್ಲಿ ನಾನು ಕೂಡ್ಲಿಗಿಯಲ್ಲಿ ವಕೀಲರ ಲೈಬ್ರರಿಯೊಂದರ ಅಟೆಂಡರ್ ಆಗಿದ್ದೆ. ಓದಿದ್ದು ಏಳನೆಯ ತರಗತಿ. ಪುಸ್ತಕಗಳ ಧೂಳು ಹೊಡೆಯುವುದರ ಜೊತೆಗೆ ಪೇಪರ್ ಕಟಿಂಗ್ ಇಡುವುದೂ ನನ್ನ ಕೆಲಸ. ಹೈಕೋರ್ಟಿನ ಸುದ್ದಿ, ಭೂಸ್ವಾಧೀನದ ಪ್ರಕಟಣೆ, ಹರಾಜು, ಕೋರ್ಟ್ ನೋಟಿಸು, ಇವನ್ನೆಲ್ಲ ಕತ್ತರಿಸಿ, ಮೈದಾ ಅಂಟಿನಿಂದ ಖಾಕಿ ಹಾಳೆಗೆ ಹಚ್ಚಿ, ತಾರೀಖು ಬರೆದು ಫೈಲಿಗೆ ಹಾಕಬೇಕು. ಪೇಪರಿನ ಎರಡೂ ಬದಿಗೆ ಬೇಕಾದ ವಿಷಯ ಬಂದಿದ್ದರೆ ಏಜೆಂಟರಿಂದ ಇನ್ನೊಂದು ಪ್ರತಿ ತರಿಸುವುದು ನಮ್ಮ ಪದ್ಧತಿ. ಇಲ್ಲದಿದ್ದರೆ ಒಂದು ಬದಿ ಅಂಟಿನ ಕೆಳಗೆ ಹೋಗಿಬಿಡುತ್ತದೆ.

ಅಕ್ಕ ರತ್ನಮ್ಮ ಗಂಡ ತೀರಿದ ಮೇಲೆ ಕೊಟ್ಟೂರಿನ ಮನೆಗೆ ಬೀಗ ಹಾಕಿ, ಹಡಗಲಿಯ ಹಾಸ್ಟೆಲೊಂದರಲ್ಲಿ ಅಡುಗೆಗೆ ಸೇರಿದ್ದಳು. ನನ್ನ ಮಗಳನ್ನು ನೋಡಲು ಚಿಗಟೇರಿಯಿಂದ ಗಂಡಿನವರು ಬಂದ ದಿನ ಅವಳೂ ಬಂದಿದ್ದಳು. ಅವಲಕ್ಕಿ ತಟ್ಟೆ ಇಡುತ್ತ ಅವರೆದುರಿಗೇ ಅಂದಳು:

"ನಮ್ಮ ಬಸ್ಯಾ ಕೋರ್ಟ್‌ನಾಗ ಅದಾನ ಅಂತ ಹೇಳ್ಯಾನೇನ್ರಿ? ರದ್ದಿ ಪೇಪರ್ ಕತ್ತರಸ್ತಾನ್ರಿ. ಇವ ಕತ್ತರಿಸಿಟ್ಟಿದ್ದನ್ನ ಜಿರಳಿ ಬಿಟ್ರ ಮತ್ಯಾರು ಓದಲ್ಲ!"

ಬಂದವರು ನಕ್ಕರು. ಆ ಸಂಬಂಧ ಕೂಡಲಿಲ್ಲ. ಕಾರಣ ಬೇರೆಯೇ ಇದ್ದಿರಬಹುದು. ನಾನು ಮಾತ್ರ ಅವಳೇ ಕೆಡಿಸಿದಳೆಂದು ಹಟ ಹಿಡಿದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಮರುವರ್ಷ ಅವಳ ಮೈದುನ, ಕೊಟ್ಟೂರಿನ ಮನೆ ಪೂರ್ತಿ ತನ್ನದೆಂದು ದಾವೆ ಹಾಕಿದ. ಹಡಗಲಿಯ ವಿಳಾಸ ಗೊತ್ತಿದ್ದೂ ಬೀಗ ಹಾಕಿದ ಮನೆಯ ವಿಳಾಸವನ್ನೇ ಕೊಟ್ಟ. ಸಮನ್ಸ್ ವಾಪಸು ಬಂತು. ಹಾಗಾದಾಗ ಕೋರ್ಟು ಪತ್ರಿಕೆಯಲ್ಲಿ ನೋಟಿಸು ಹಾಕಿಸುತ್ತದೆ. ಅದು ಅಚ್ಚಾದರೆ ಪ್ರತಿವಾದಿಗೆ ತಿಳಿಸಿದಂತೆಯೇ ಲೆಕ್ಕ. ಆಮೇಲೂ ಅವರು ಬರದಿದ್ದರೆ ಏಕಪಕ್ಷೀಯ ತೀರ್ಪು, ಅಂದರೆ ಎದುರಿನವರ ಮಾತನ್ನಷ್ಟೇ ಕೇಳಿ ಕೊಡುವ ತೀರ್ಪು.

ಆ ನೋಟಿಸಿನಲ್ಲಿ ಅಕ್ಕನ ಹೆಸರು ಓದಿದಾಗ ನನ್ನ ಕೈ ನಿಂತಿತು. ಹಡಗಲಿಗೆ ಬಸ್ಸಿತ್ತು, ಹಾಸ್ಟೆಲಿಗೆ ಫೋನೂ ಇತ್ತು. ಅದೇ ಪೇಪರಿನ ಹಿಂಬದಿಯಲ್ಲಿ ಹೈಕೋರ್ಟಿನ ದೊಡ್ಡ ಸುದ್ದಿಯೊಂದಿತ್ತು. ನಾನು ಇನ್ನೊಂದು ಪ್ರತಿ ತರಿಸಲಿಲ್ಲ. ನೋಟಿಸಿನ ಮೇಲೆ ಅಂಟು ಬಳಿದು, ಸುದ್ದಿಯನ್ನು ಮೇಲೆ ಮಾಡಿ ಹಚ್ಚಿದೆ. ಓದಲಿ ಜಿರಳೆ ಎಂದುಕೊಂಡೆ.

ತೀರ್ಪಾಯಿತು. ಕೋರ್ಟಿನ ಅಮೀನ ಬೀಗ ಒಡೆಸಿ ಮನೆಯನ್ನು ಮೈದುನನಿಗೆ ವಹಿಸಿಕೊಟ್ಟ. ಅಕ್ಕನ ಟ್ರಂಕು, ಒನಕೆ, ಭಾವನ ಫೋಟೋ ಬೀದಿಗೆ ಬಿದ್ದವು. ಸುದ್ದಿ ತಿಳಿದವಳು ನೆಟ್ಟಗೆ ಲೈಬ್ರರಿಗೆ ಬಂದಳು.

"ಪೇಪರ್‌ನಾಗ ಬಂದಿತ್ತಂತಲ್ಲೋ. ನೀ ನೋಡಿದ್ದೇನು?"

"ನೂರೆಂಟು ಬರ್ತಾವ. ಎಲ್ಲಾ ನೆನಪಿರತಾವೇನು?"

"ಮಾರಿ ಎತ್ತಿ ಹೇಳಲೇ."

ನಾನು ತಲೆ ತಗ್ಗಿಸಿ ಮುಂದಿನ ಕಟಿಂಗಿಗೆ ಅಂಟು ಬಳಿಯತೊಡಗಿದೆ.

ಅಕ್ಕ ವಕೀಲರನ್ನು ಹಿಡಿದು ತೀರ್ಪು ರದ್ದು ಮಾಡಿಸಲು ಅರ್ಜಿ ಹಾಕಿದಳು. ದಾವೆಯ ವಿಷಯವೇ ತನಗೆ ತಿಳಿದಿರಲಿಲ್ಲ ಎಂಬುದೊಂದೇ ಅವಳ ಆಧಾರ. ಅದಕ್ಕೆ ಮೈದುನನ ವಕೀಲರು, "ನೋಟಿಸು ಕತ್ತರಿಸುವವನೇ ಈಕೆಯ ಸ್ವಂತ ತಮ್ಮ. ತಿಳಿದಿರಲಿಲ್ಲ ಎಂದರೆ ನಂಬುವುದು ಹೇಗೆ?" ಎಂದು ವಾದಿಸಿದರು. ಬಾಗಿಲ ಬಳಿ ನಿಂತು ನಾನು ಇದನ್ನು ಕೇಳಿಸಿಕೊಂಡೆ. ನಾನು ಸುಮ್ಮನಿದ್ದದ್ದೇ ಈಗ ಅವಳು ಸುಳ್ಳುಗಾರ್ತಿ ಎಂಬುದಕ್ಕೆ ಸಾಕ್ಷಿಯಾಗುತ್ತಿತ್ತು. ಅಂದೇ ಸಂಜೆ ಫೈಲು ತೆಗೆದುಕೊಂಡು ಅಕ್ಕನ ವಕೀಲರ ಬಳಿ ಹೋದೆ.

ಸಾಕ್ಷಿಕಟ್ಟೆಯಲ್ಲಿ ಮೈದುನನ ವಕೀಲರು ನನ್ನನ್ನು ಬಿಡಲಿಲ್ಲ. "ಅಕ್ಕನ್ನ ಉಳಿಸಾಕ ಕತಿ ಕಟ್ಟೀಯೇನು? ಸ್ವಂತ ಅಕ್ಕಗ ಯಾಕ ಹೇಳಲಿಲ್ಲ?"

"ಸಿಟ್ಟಿತ್ರಿ. ಮನಿ ಹೋಗ್ಲಿ ಅಂತ ಸುಮ್ಮನಾದೆ. ಬೇಕಾದ್ರ ಆ ಕಟಿಂಗ್ ಬಿಡಿಸಿ ನೋಡ್ರಿ."

ಗುಮಾಸ್ತರು ಒದ್ದೆ ಬಟ್ಟೆಯಿಂದ ಹಾಳೆ ನೆನೆಸಿ ಮೆಲ್ಲಗೆ ಬಿಡಿಸಿದರು. ಅರ್ಧ ಹರಿಯಿತು. ಉಳಿದರ್ಧದಲ್ಲಿ ಅಕ್ಕನ ಹೆಸರಿತ್ತು. ನಾನು ಬಚ್ಚಿಟ್ಟಿದ್ದೇ ಅವಳ ಕೈ ಹಿಡಿಯಿತು. ತೀರ್ಪು ರದ್ದಾಗಿ, ಹೊಸದಾಗಿ ವಿಚಾರಣೆ ನಡೆದು, ಕೆಲವು ವರ್ಷಗಳ ಮೇಲೆ ಮನೆ ಅವಳದೇ ಎಂದಾಯಿತು. ಲೈಬ್ರರಿಯವರು ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು ಕಸ ಹೊಡೆಯಲು ಹಾಕಿದರು. ಅದು ನ್ಯಾಯವೇ. ಪೇಪರಿನಲ್ಲಿ ಬಂದರೆ ತಿಳಿಸಿದಂತೆ ಎಂದು ಕಾನೂನು ಒಪ್ಪಬಹುದು. ಒಡಹುಟ್ಟಿದವರಿಗೆ ಎದುರು ನಿಂತೇ ಹೇಳಬೇಕು. ಇಷ್ಟು ಕಲಿಯಲು ನನಗೆ ಅಷ್ಟು ವರ್ಷದ ನೌಕರಿ ಬೇಕಾಯಿತು.

ಸಾಕ್ಷಿ ಹೇಳಿದ ದಿನ ಅಕ್ಕ ಕೋರ್ಟಿನ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿದ್ದಳು. ನಾನು ಹತ್ತಿರ ಹೋದರೂ ತಿರುಗಲಿಲ್ಲ.

"ಎಲ್ಲಾ ಹೇಳಿದೆನಲ್ಲಕ್ಕಾ."

"ಜಡ್ಜ್‌ಗ ಹೇಳಿದಿ. ನನಗೇನು ಹೇಳಿದಿ?"

ಸುತ್ತ ಕಕ್ಷಿದಾರರು, ಗುಮಾಸ್ತರು, ಚಹಾದವನು ಎಲ್ಲ ನಿಂತಿದ್ದರು. ಎಲ್ಲರಿಗೂ ಕೇಳುವಂತೆಯೇ ಅಂದೆ:

"ರತ್ನಕ್ಕಾ, ನಿನ್ನ ಹೆಸರು ಓದಿದ್ದೆ. ಓದಿ ಮುಚ್ಚಿಟ್ಟೆ. ನಂದು ತಪ್ಪಾತು."